ಮುಂಬಯಿಯ ಗೆಳೆಯರು, ನಮ್ಮ ಬಿಡಾರ

ಕನ್ನಡದಲ್ಲಿ 'ಇಳಿಯುವುದು' ಎಂಬ ಮಾತಿಗೆ ಎರಡು ಅರ್ಥಗಳುಂಟು. ಬಂಡಿಯಿಂದ ನೆಲಕ್ಕೆ ಕಾಲಿಡುವುದು ಒಂದು. ಹೋದ ಊರಿನಲ್ಲಿ ಬಿಡಾರ ಮಾಡುವುದು ಇನ್ನೊಂದು. ಕುಮಟೆಯಿಂದ ಶಿರಸಿಗೆ ಹೋಗುವವನಿಗೆ ಈ ಎರಡರ ನಡುವೆ ಹೆಚ್ಚಿನ ಅಂತರವಿಲ್ಲ. ಬಸ್ಸಿನಿಂದಿಳಿದು ಕೈಚೀಲ ಹಿಡಿದು ಹತ್ತು ನಿಮಿಷ ನಡೆದರೆ ಗೆಳೆಯನ ಮನೆಯ ಜಗಲಿ ಸಿಕ್ಕುತ್ತದೆ. ಅಲ್ಲಿಗೆ ಎರಡು ಅರ್ಥದಲ್ಲಿಯೂ ಇಳಿದಂತಾಯಿತು. ಮುಂಬಯಿಗೆ ಹೊರಟವನ ಪಾಲಿಗೆ ಮಾತ್ರ ಇವು ಬೇರೆ ಬೇರೆ ಪ್ರಶ್ನೆಗಳು. ಎರಡನೆಯದನ್ನು ತೀರ್ಮಾನಿಸದೆ ಮೊದಲನೆಯದಕ್ಕೆ ಉತ್ತರ ಹೇಳಲಾಗದು. ಆದರೂ ನಮ್ಮಲ್ಲಿ ಬಹಳ ಮಂದಿ ಟಿಕೆಟ್ಟನ್ನು ಮೊದಲು ಕೊಂಡು ಬಿಡಾರವನ್ನು ಆಮೇಲೆ ಯೋಚಿಸುತ್ತಾರೆ.

ವ್ಯಾಪಾರಕ್ಕೋ ಆಸ್ಪತ್ರೆಗೋ ಕೋರ್ಟಿಗೋ ಹೋಗುವವರ ವಿಷಯ ನಾನಿಲ್ಲಿ ಹೇಳುತ್ತಿಲ್ಲ. ಅವರ ಬಿಡಾರವನ್ನು ಅವರ ಕೆಲಸವೇ ಗೊತ್ತುಮಾಡುತ್ತದೆ. ಮಹಾನಗರದಲ್ಲಿ ಬೇರೇನೂ ಕೆಲಸವಿಲ್ಲದೆ, ಕೇವಲ ಗೆಳೆಯರನ್ನು ನೋಡುವುದಕ್ಕಾಗಿ ಹೋಗುವವರದೊಂದು ಸಣ್ಣ ಪಂಗಡವಿದೆ; ವಯಸ್ಸಾದಂತೆ ಈ ಪಂಗಡ ಬೆಳೆಯುತ್ತದೆ. ಈ ಅಲ್ಪಾವಧಿಯ ಮಾತು ಅವರಿಗಾಗಿ.

ಅತಿಥಿ ಎಂದರೆ ಒಂದು ರಾತ್ರಿ ಮಾತ್ರ ತಂಗುವವನು ಎಂದು ಮನುಸ್ಮೃತಿ ಲಕ್ಷಣ ಹೇಳುತ್ತದೆ. ನಿಲ್ಲದೆ ಹೊರಡುವವನಾದ್ದರಿಂದಲೇ ಅವನಿಗೆ ಆ ಹೆಸರಂತೆ. ಎರಡನೆಯ ರಾತ್ರಿ ಅವನು ಏನಾಗುತ್ತಾನೆ ಎಂಬುದನ್ನು ಶಾಸ್ತ್ರಕಾರರು ಗೃಹಿಣಿಯರ ಊಹೆಗೆ ಬಿಟ್ಟಂತೆ ತೋರುತ್ತದೆ. ನಮ್ಮ ಕಡೆಯ ಸಂಪ್ರದಾಯ ಇದಕ್ಕೆ ನೇರ ವಿರುದ್ಧ. ಗೆಳೆಯನ ಮನೆಯಿರುವ ಊರಿನಲ್ಲಿ ಹೋಟೆಲು ಹಿಡಿಯುವುದೆಂದರೆ ಆ ಮನೆಗೆ ಮಾಡಿದ ಅವಮಾನ. ಮೂರು ದಿನಕ್ಕೆ ಮೊದಲೇ ಹೊರಟೆನೆಂದರೆ ಇನ್ನೊಂದು ಅವಮಾನ. ಹಿತ್ತಿಲಿನಲ್ಲಿ ಬಾವಿ, ಹೊರಗೆ ಜಗಲಿ, ಅಟ್ಟದ ಮೇಲೆ ಹಾಸಿಗೆಗಳ ರಾಶಿ ಇದ್ದ ಮನೆಗಳಲ್ಲಿ ಹುಟ್ಟಿದ ಸಂಪ್ರದಾಯ ಅದು. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಬಾವಿಯೂ ಜಗಲಿಯೂ ಅಟ್ಟವೂ ಇಲ್ಲದಲ್ಲಿಗೆ ಅದನ್ನು ಹಾಗೆಯೇ ಹೊತ್ತುಕೊಂಡು ಹೋದರೆ ಏನಾಗುತ್ತದೆಂಬುದನ್ನು ಯೋಚಿಸಬೇಕಾಗುತ್ತದೆ.

ಮೊದಲು ಆ ಊರಿನ ಆಕಾರವನ್ನು ಗಮನಿಸೋಣ. ಯಶವಂತ ಚಿತ್ತಾಲರ ಕಾದಂಬರಿಗಳನ್ನೂ ಜಯಂತ ಕಾಯ್ಕಿಣಿಯವರ ಕತೆಗಳನ್ನೂ ಓದಿ ಮುಂಬಯಿಯ ಸ್ಟೇಶನ್ನುಗಳ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ವಾಚಕರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಹೆಸರುಗಳು ಒಂದಕ್ಕೊಂದು ಎಷ್ಟು ದೂರ ಎಂಬುದು ಕತೆಗಳಿಂದ ತಿಳಿಯುವುದಿಲ್ಲ. ದಕ್ಷಿಣದಲ್ಲಿ ಸಮುದ್ರಕ್ಕೆ ಚಾಚಿದ ಬೆರಳಿನಂತೆ ಸಪೂರವಾಗಿರುವ ಊರು ಅದು; ಬೆಳೆಯಬೇಕಾದರೆ ಉತ್ತರಕ್ಕೇ ಬೆಳೆಯಬೇಕು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರುಗಳ ಮೊದಲ ಪ್ರಯಾಣಿಕರ ರೈಲು ಹೊರಟಾಗ ಊರು ತನ್ನ ಬೆಳವಣಿಗೆಯ ದಾರಿಯನ್ನೇ ಹಾಕಿಕೊಂಡಿತು ಎನ್ನಬೇಕು. ಆಮೇಲೆ ಬಂದ ಜನ ಹಳಿಯ ಗುಂಟ ನೆಲೆಸುತ್ತ ಹೋದರು. ಈಗ ಅಲ್ಲಿ ಮೂರು ಮುಖ್ಯ ಹಳಿಗಳಿವೆ: ಚರ್ಚ್‌ಗೇಟಿನಿಂದ ಹೊರಡುವ ಪಶ್ಚಿಮ ರೈಲು, ಹಿಂದೆ ವಿ.ಟಿ. ಎನ್ನುತ್ತಿದ್ದ, 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರು ಪಡೆದ ಟರ್ಮಿನಸ್ಸಿನಿಂದ ಹೊರಡುವ ಮಧ್ಯ ರೈಲು. ಅಲ್ಲಿಂದಲೇ ಹೊರಟು ಚೆಂಬೂರು, ವಾಶಿ ದಾಟಿ ಪನ್ವೇಲಿಗೆ ಹೋಗುವ ಹಾರ್ಬರ್ ಮಾರ್ಗ. ಮುಂಬಯಿಯವನನ್ನು 'ನೀವಿರುವುದು ಎಲ್ಲಿ?' ಎಂದು ಕೇಳಿದರೆ ಅವನು ಬೀದಿಯ ಹೆಸರು ಹೇಳುವುದಿಲ್ಲ. ಸ್ಟೇಶನ್ನಿನ ಹೆಸರು ಹೇಳಿ, ಅದರ ಪೂರ್ವವೋ ಪಶ್ಚಿಮವೋ ಎಂಬುದನ್ನು ತಿಳಿಸುತ್ತಾನೆ. ದೂರವನ್ನು ಕೇಳಿದರೆ ನಿಮಿಷಗಳಲ್ಲಿ ಹೇಳುತ್ತಾನೆ.

ನಕ್ಷೆಯನ್ನು ನೋಡಿ ಬಿಡಾರ ಗೊತ್ತುಮಾಡುವವರು ಮೋಸಹೋಗುವುದು ಇಲ್ಲಿಯೇ. ಬೋರಿವಲಿಯನ್ನೂ ಠಾಣೆಯನ್ನೂ ನಕ್ಷೆಯಲ್ಲಿ ನೋಡಿ. ನಡುವೆ ಒಂದು ಹಸುರು ತೇಪೆ ಬಿಟ್ಟರೆ ಅಕ್ಕಪಕ್ಕದ ಊರುಗಳಂತೆ ಕಾಣುತ್ತವೆ. ಆ ಹಸುರು ತೇಪೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಅದು ಬೆಟ್ಟ, ಕಾಡು, ಚಿರತೆಗಳ ಬೀಡು. ಬೋರಿವಲಿಯ ಗೆಳೆಯ ಠಾಣೆಯ ಗೆಳೆಯನನ್ನು ಕಾಣಬೇಕಾದರೆ ಪಶ್ಚಿಮದ ಹಳಿಯಲ್ಲಿ 24 ಕಿಲೋಮೀಟರು ದಕ್ಷಿಣಕ್ಕೆ ಇಳಿದು, ದಾದರಿನ ಸೇತುವೆ ಹತ್ತಿ ಗಾಡಿ ಬದಲಿಸಿ, ಮಧ್ಯದ ಹಳಿಯಲ್ಲಿ ಮತ್ತೆ 25 ಕಿಲೋಮೀಟರು ಉತ್ತರಕ್ಕೆ ಏರಬೇಕು. ರಸ್ತೆಯಲ್ಲಿ ಹೋಗುವುದಾದರೆ ಘೋಡಬಂದರಿನ ಕಡೆಯಿಂದ ಬೆಟ್ಟವನ್ನು ಬಳಸಬೇಕು. ಬೆಟ್ಟ ಕೊರೆದು ಸುರಂಗ ಮಾಡುವ ಕೆಲಸವನ್ನು ಈಗ ಕೈಗೆತ್ತಿಕೊಂಡಿದ್ದಾರೆ. ಅದು ಮುಗಿಯುವವರೆಗೆ ಇವರಿಬ್ಬರೂ ಒಂದೇ ಊರಿನಲ್ಲಿದ್ದೂ ವರ್ಷಕ್ಕೊಮ್ಮೆ ಭೇಟಿಯಾದರೆ ಹೆಚ್ಚು. ದೂರದ ಕುಮಟೆಯಿಂದ ಬರುವ ನಾವೇ ಅವರನ್ನು ಒಂದೆಡೆ ಸೇರಿಸುವ ನೆಪವಾಗುತ್ತೇವೆ. ಬಿಡಾರದ ಪ್ರಶ್ನೆಗೆ ಇಷ್ಟು ತೂಕ ಬರುವುದು ಈ ಕಾರಣದಿಂದ.

ಗೆಳೆಯರು ಒಂದೇ ಹಳಿಯಲ್ಲಿದ್ದರೆ ಚಿಂತೆಯಿಲ್ಲ. ಆ ಹಳಿಯ ಯಾವ ಸ್ಟೇಶನ್ನಿನ ಸಮೀಪ ಇಳಿದರೂ ಆದೀತು. ಬೇರೆ ಬೇರೆ ಹಳಿಗಳಲ್ಲಿ ಹಂಚಿಹೋಗಿದ್ದರೆ ಹಿಂದಿನಿಂದ ಬಂದ ಬುದ್ಧಿವಾದವೊಂದಿದೆ: ದಾದರು ಅಥವಾ ಮಾಟುಂಗದಲ್ಲಿ ಇಳಿಯಿರಿ. ಪಶ್ಚಿಮ ಮತ್ತು ಮಧ್ಯ ರೈಲುಗಳು ಒಂದನ್ನೊಂದು ಮುಟ್ಟುವ ಗಂಟು ದಾದರು. ಅದರ ನೆರೆಯ ಮಾಟುಂಗಕ್ಕಾದರೋ ಮೂರು ಹಳಿಗಳೂ ಸಮೀಪ. ಮಾಟುಂಗ ಎಂಬ ಸ್ಟೇಶನ್ನು ಮಧ್ಯ ರೈಲಿನದು, ಮಾಟುಂಗ ರೋಡ್ ಪಶ್ಚಿಮದ್ದು, ಕಿಂಗ್ಸ್ ಸರ್ಕಲ್ ಹಾರ್ಬರಿನದು. (ಮಾಟುಂಗವೂ ಮಾಟುಂಗ ರೋಡೂ ಒಂದೇ ಎಂದುಕೊಂಡು ಒಬ್ಬರನ್ನೊಬ್ಬರು ಎರಡು ಕಡೆ ಕಾಯುತ್ತ ನಿಂತ ಕನ್ನಡಿಗರ ಕತೆಗಳನ್ನು ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.) ಜೊತೆಗೆ ಆ ಪೇಟೆ ನಮ್ಮವರಿಗೆ ಹಳೆಯ ನೆಲೆ. 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಶನ್ ಅಲ್ಲಿಯೇ ಇದೆ. ಸ್ಟೇಶನ್ನಿನ ಎದುರಿಗೆ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟ ಸಿಗುತ್ತದೆ. ಊಟಕ್ಕೆ ಸರದಿ ಕಾಯುತ್ತ ನಿಂತಾಗಲೇ ನಾಲ್ವರು ಗೆಳೆಯರ ಕುಶಲ ಪ್ರಶ್ನೆಗಳೆಲ್ಲ ಮುಗಿದುಹೋಗಬಲ್ಲವು.

ಈ ಬುದ್ಧಿವಾದದ ಹಿಂದೆ ಇನ್ನೊಂದು ಯುಕ್ತಿಯೂ ಅಡಗಿದೆ. ಹೊಸಬರಿಗೆ ಅದು ಹೊಳೆಯುವುದು ತಡವಾಗಿ. ಬೆಳಗಿನ ಹೊತ್ತು ಮುಂಬಯಿಯ ಜನಪ್ರವಾಹ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಸಂಜೆ ದಕ್ಷಿಣದಿಂದ ಉತ್ತರಕ್ಕೆ. ಎಂಟರಿಂದ ಹನ್ನೊಂದರವರೆಗೆ ಬೋರಿವಲಿಯಲ್ಲೋ ಡೊಂಬಿವಲಿಯಲ್ಲೋ ನಿಂತು ದಕ್ಷಿಣದ ಗಾಡಿ ಹತ್ತುವುದು ಅಲ್ಲಿಯ ಅಭ್ಯಾಸವಿದ್ದವರಿಗೆ ಮಾತ್ರ ಸಾಧ್ಯ. ಅರವತ್ತು ದಾಟಿದವರು ಅದನ್ನು ಪ್ರಯತ್ನಿಸಬಾರದು. ಆದರೆ ಅದೇ ಹೊತ್ತಿನಲ್ಲಿ ದಾದರಿನಿಂದ ಉತ್ತರಕ್ಕೆ ಹೋಗುವ ಗಾಡಿಯಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕೀತು. ಗೆಳೆಯರಿಗಿಂತ ದಕ್ಷಿಣದಲ್ಲಿ ಬಿಡಾರ ಮಾಡಿದವನು ಬೆಳಗ್ಗೆ ಹೋಗುವಾಗಲೂ ಸಂಜೆ ಮರಳುವಾಗಲೂ ಪ್ರವಾಹಕ್ಕೆ ಎದುರಾಗಿ ಹೋಗುತ್ತಾನೆ; ನದಿಯಲ್ಲಿ ಅದು ಕಷ್ಟ, ರೈಲಿನಲ್ಲಿ ಅದೇ ಸುಖ. ಕಚೇರಿಗಳು ಅಂಧೇರಿ, ಬಾಂದ್ರಾಗಳ ಕಡೆಗೂ ಬಂದಿರುವುದರಿಂದ ಈಗ ಮೊದಲಿನಷ್ಟು ಸುಖವಿಲ್ಲ. ಆದರೂ ನಿಯಮ ಸುಳ್ಳಾಗಿಲ್ಲ.

ಮೆಟ್ರೋ ಬಂದ ಮೇಲೆ ಗಂಟುಗಳ ಸಂಖ್ಯೆಯೂ ಹೆಚ್ಚಿದೆ. 2014ರಲ್ಲಿ ವರ್ಸೋವಾದಿಂದ ಅಂಧೇರಿಯ ಮಾರ್ಗವಾಗಿ ಘಾಟಕೋಪರಕ್ಕೆ 11 ಕಿಲೋಮೀಟರುಗಳ ಮೊದಲ ಮೆಟ್ರೋ ಶುರುವಾದಾಗ ಪಶ್ಚಿಮದ ಹಳಿಯೂ ಮಧ್ಯದ ಹಳಿಯೂ ದಾದರನ್ನು ಕೇಳದೆ ಒಂದನ್ನೊಂದು ಮುಟ್ಟಿದವು. 2025ರ ಅಕ್ಟೋಬರಿನಲ್ಲಿ ನೆಲದಡಿಯ ಮಾರ್ಗವೂ ಆರೆಯಿಂದ ಕಫ್ ಪರೇಡಿನವರೆಗೆ ಪೂರ್ತಿಯಾಯಿತು. ಗೆಳೆಯರೆಲ್ಲ ಉತ್ತರದಲ್ಲಿದ್ದರೆ ಘಾಟಕೋಪರದಲ್ಲಿ ಇಳಿಯುವುದು ಈಗ ದಾದರಿಗಿಂತ ಜಾಣತನ. ದಿನಗಳನ್ನೂ ನೋಡಿಕೊಳ್ಳಬೇಕು. ಭಾನುವಾರವೇ ಎಲ್ಲರಿಗೂ ಬಿಡುವು ಎಂದು ನಾವು ಲೆಕ್ಕಹಾಕುತ್ತೇವೆ. ರೈಲಿನವರೂ ಅದೇ ಲೆಕ್ಕ ಹಾಕಿ ಹಳಿಯ ದುರಸ್ತಿಗೆ ಭಾನುವಾರದ ಹಗಲನ್ನೇ ಆರಿಸಿಕೊಂಡಿದ್ದಾರೆ. 'ಮೆಗಾ ಬ್ಲಾಕ್' ಎಂದು ಅದಕ್ಕೆ ಹೆಸರು. ಯಾವ ಹಳಿಯಲ್ಲಿ ಎಷ್ಟು ಹೊತ್ತು ಎಂಬುದು ಮೊದಲೇ ಪ್ರಕಟವಾಗುತ್ತದೆ, ಓದಿಕೊಳ್ಳಬೇಕು. ಇನ್ನು ಮಳೆಗಾಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ ಲಕ್ಷಾಂತರ ಜನ ಇದ್ದಲ್ಲಿಯೇ ರಾತ್ರಿ ಕಳೆಯಬೇಕಾಯಿತು. ಅಂಥ ಮಳೆ ಪ್ರತಿ ವರ್ಷ ಬರುವುದಿಲ್ಲ. ಆದರೆ ಜುಲೈಯಲ್ಲಿ ದಾದರಿನ ಹಿಂದಮಾತಾ, ಮಾಟುಂಗದ ಗಾಂಧಿ ಮಾರ್ಕೆಟ್, ಕುರ್ಲಾದ ತಗ್ಗುಗಳು ನೀರು ತುಂಬಿ ನಿಲ್ಲುವುದು ವಾಡಿಕೆ. ಆ ತಿಂಗಳು ಗಂಟಿನ ಊರಿಗಿಂತ ಗೆಳೆಯನ ಬೀದಿಯೇ ಮೇಲು.

ಇಷ್ಟೆಲ್ಲ ಹೇಳಿದ್ದು ಹೊರಗಿನ ಲೆಕ್ಕ. ಒಳಗಿನ ಲೆಕ್ಕ ಇದಕ್ಕಿಂತ ಸೂಕ್ಷ್ಮ. 'ಹೋಟೆಲು ಯಾಕೆ, ನಮ್ಮ ಮನೆಗೇ ಬಾ' ಎಂದು ಗೆಳೆಯ ಹೇಳುತ್ತಾನೆ. ಹೇಳದಿದ್ದರೆ ಅವನು ಗೆಳೆಯನೇ ಅಲ್ಲ. ಆ ಮಾತನ್ನು ಎಷ್ಟು ನಂಬಬೇಕು? ಅವನ ಪ್ರೀತಿಯನ್ನು ಪೂರ್ತಿ ನಂಬಬೇಕು. ಅವನ ಮನೆಯ ಅಳತೆಯನ್ನು ಬೇರೆ ಕಡೆಯಿಂದ ತಿಳಿದುಕೊಳ್ಳಬೇಕು. 1920ರ ದಶಕದಲ್ಲಿ ಸರಕಾರ ಗಿರಣಿ ಕೆಲಸಗಾರರ ಪ್ರದೇಶಗಳಲ್ಲಿ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳ ಖೋಲಿ 160 ಚದರಡಿ. ಒಂದೊಂದರಲ್ಲಿ ಒಂದೊಂದು ಸಂಸಾರ ಬಾಳಿ ಬದುಕಿತು, ಊರಿನಿಂದ ಬಂದವರಿಗೆ ಗ್ಯಾಲರಿಯಲ್ಲಿ ಚಾಪೆ ಹಾಸಿಕೊಟ್ಟಿತು. ಆ ಔದಾರ್ಯವನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಮಧ್ಯಮ ವರ್ಗದವರ 'ವನ್ ರೂಮ್ ಕಿಚನ್' ಇದಕ್ಕಿಂತ ದೊಡ್ಡದೇ. ಆದರೆ ಅದಕ್ಕೆ ಗ್ಯಾಲರಿಯಿಲ್ಲ.

ಅಂಥ ಮನೆಯಲ್ಲಿ ಅತಿಥಿ ಬಳಸಿಕೊಳ್ಳುವುದು ಅನ್ನವನ್ನಲ್ಲ. ಅನ್ನ ಯಾರಿಗೂ ಭಾರವಲ್ಲ. ಅವನು ಬಳಸಿಕೊಳ್ಳುವುದು ರಾತ್ರಿಯ ನೆಲವನ್ನು ಮತ್ತು ಬೆಳಗಿನ ಬಚ್ಚಲನ್ನು. ನಲ್ಲಿಯ ನೀರು ದಿನವಿಡೀ ಬರುವುದಿಲ್ಲ, ಅದಕ್ಕೊಂದು ಹೊತ್ತುಂಟು. ಮಗ ಏಳು ಗಂಟೆಯ ಲೋಕಲಿಗೆ ಹೊರಡಬೇಕು, ಸೊಸೆ ಎಂಟರ ಗಾಡಿಗೆ, ಮೊಮ್ಮಗ ಶಾಲೆಗೆ. ಈ ಮೂವರ ಸ್ನಾನ, ಡಬ್ಬಿಯ ಅಡುಗೆ, ನೀರು ತುಂಬುವ ಕೆಲಸ ನಿಮಿಷಗಳ ಲೆಕ್ಕದಲ್ಲಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ನಡುವೆ ನಾವು ಟವೆಲು ಹೆಗಲ ಮೇಲೆ ಹಾಕಿ, 'ನನಗೇನೂ ಅವಸರವಿಲ್ಲ' ಎಂದು ನಿಂತರೆ, ನಿಂತಿರುವುದೇ ಒಂದು ಅಡ್ಡಿ. ಆದ್ದರಿಂದ ಗೆಳೆಯ ಕರೆದನೇ ಎಂಬುದಕ್ಕಿಂತ, ಬೆಳಗ್ಗೆ ಐದಕ್ಕೆ ಏಳುವವರು ಕರೆದರೇ ಎಂಬುದನ್ನು ನಾನು ನೋಡುತ್ತೇನೆ. ಫೋನಿನಲ್ಲಿ ಆ ಹೆಣ್ಣುಮಗಳು ತಾನಾಗಿ ಮಾತಿಗೆ ಬಂದು, 'ಕಾಕಾ, ಇಲ್ಲಿಯೇ ಬನ್ನಿ, ಹಾಸಿಗೆಯ ವ್ಯವಸ್ಥೆ ಹೀಗೆ ಮಾಡುತ್ತೇವೆ' ಎಂದರೆ ಹೋಗಬಹುದು. ವ್ಯವಸ್ಥೆಯ ವಿವರ ಬಂದರೆ ಕರೆ ನಿಜವಾದದ್ದು. ಬರಿಯ 'ಬನ್ನಿ ಬನ್ನಿ' ಎಂದರೆ ಅದು ಸೌಜನ್ಯ. ಸೌಜನ್ಯವೂ ಬೆಲೆಯುಳ್ಳದ್ದೇ, ಆದರೆ ಅದರ ಮೇಲೆ ಮಲಗಲಾಗದು.

ನನ್ನದೇ ಒಂದು ಉದಾಹರಣೆಯಿಂದ ಇದು ಇನ್ನಷ್ಟು ಸ್ಪಷ್ಟವಾದೀತು. ಕಾಲೇಜಿನಲ್ಲಿ ಒಂದೇ ಬೆಂಚಿನವರಾದ ನಾವು ನಾಲ್ವರಲ್ಲಿ ಮೂವರು ಕೆಲಸ ಹುಡುಕುತ್ತ ಮುಂಬಯಿ ಸೇರಿದರು. ಒಬ್ಬ ಬೋರಿವಲಿಯಲ್ಲಿ, ಒಬ್ಬ ಚೆಂಬೂರಿನಲ್ಲಿ, ಇನ್ನೊಬ್ಬ ಡೊಂಬಿವಲಿಯಲ್ಲಿ ನೆಲೆಸಿದ್ದಾರೆ. ಒಂದು ಪಶ್ಚಿಮ, ಒಂದು ಹಾರ್ಬರು, ಒಂದು ಮಧ್ಯ, ಬೇಕೆಂದೇ ಹಂಚಿಕೊಂಡಂತೆ. ಹಲವು ವರ್ಷ ನಾನು ಮಾಟುಂಗದಲ್ಲಿಯೇ ಇಳಿಯುತ್ತಿದ್ದೆ. ಮೂವರೂ ಅಲ್ಲಿಗೆ ಬರುತ್ತಿದ್ದರು. ಎರಡು ವರ್ಷಗಳ ಹಿಂದೆ ಡೊಂಬಿವಲಿಯವನಿಗೆ ಪಾರ್ಶ್ವವಾಯು ತಗುಲಿತು. ಮಾತು ಮರಳಿತು, ಎಡಗಾಲು ಮರಳಲಿಲ್ಲ. ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಆಸ್ಪತ್ರೆಯಿಂದ ಬಂದವನು ಮತ್ತೆ ನೆಲ ಮುಟ್ಟಿದ್ದು ತಪಾಸಣೆಗೆ ಹೋದಾಗ ಮಾತ್ರ. ಪತ್ನಿ ತೀರಿಹೋಗಿ ಆರೇಳು ವರ್ಷಗಳಾದವು. ಮಗ, ಸೊಸೆ, ಮೊಮ್ಮಗ ಮತ್ತು ಇವನು, ನಾಲ್ವರಿಗೆ ಒಂದು ಕೋಣೆ, ಒಂದು ಅಡುಗೆಮನೆ.

ಕಳೆದ ಡಿಸೆಂಬರಿನಲ್ಲಿ ನಾನು ಹೊರಟಾಗ ಮೂರು ಸಲಹೆಗಳು ಬಂದವು. ಬೋರಿವಲಿಯವನು, 'ಎಂದಿನಂತೆ ಮಾಟುಂಗದಲ್ಲಿ ಇಳಿ, ಒಂದು ದಿನ ಎಲ್ಲರೂ ಸೇರಿ ಅವನನ್ನು ನೋಡಿಬರೋಣ' ಎಂದ. ಮೂವರಿಗೂ ಮಧ್ಯವಾದ ಜಾಗವೆಂಬ ಲೆಕ್ಕ ಸರಿಯೇ. ಆದರೆ ಮಧ್ಯ ಎಂಬುದು ನಡೆಯಬಲ್ಲವರ ನಡುವಿನ ಮಾತು. ಒಬ್ಬನು ಹೊರಡಲಾರದವನಾದ ಮೇಲೆ ಮಧ್ಯಬಿಂದು ಅವನಿದ್ದಲ್ಲಿಗೆ ಸರಿದುಹೋಗುತ್ತದೆ. ಉಳಿದವರು ಅದಕ್ಕೆ ತಕ್ಕಂತೆ ಗಾಡಿ ಬದಲಿಸಬೇಕು. ಚೆಂಬೂರಿನವನ ಮನೆ ದೊಡ್ಡದು, ಮಕ್ಕಳು ವಿದೇಶದಲ್ಲಿದ್ದಾರೆ. ಅವನು ತನ್ನಲ್ಲಿಗೇ ಕರೆದ. ಸುಖದ ದೃಷ್ಟಿಯಿಂದ ಅದಕ್ಕೆ ಸಮನಾದದ್ದಿಲ್ಲ, ಒಪ್ಪುತ್ತೇನೆ. ಡೊಂಬಿವಲಿಯವನು, 'ನನ್ನ ಹತ್ತಿರವೇ ಮಲಗು ಮಾರಾಯಾ, ರಾತ್ರಿಯಿಡೀ ಮಾತಾಡೋಣ' ಎಂದ. ಅವನ ಸೊಸೆ ಫೋನು ತೆಗೆದುಕೊಂಡು, 'ಹೌದು ಕಾಕಾ, ಬನ್ನಿ' ಎಂದಳು. ಎರಡು ಕಡೆ ದುಡಿಯುವ ಆ ಹುಡುಗಿಯ ದನಿಯಲ್ಲಿ ಸೌಜನ್ಯವಿತ್ತು, ದಣಿವೂ ಇತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ: 'ನಿನ್ನ ದಿನದಲ್ಲಿ ನೀನು ಒಬ್ಬನೇ ಇರುವುದು ಯಾವ ಹೊತ್ತಿನಲ್ಲಿ?' ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರರವರೆಗೆ ಎಂದ. ಮೂರಕ್ಕೆ ಮೊಮ್ಮಗ ಶಾಲೆಯಿಂದ ಬರುತ್ತಾನೆ. ಉತ್ತರ ಅಲ್ಲಿಯೇ ಇತ್ತು. ಅವನ ಮನೆಯಲ್ಲಿ ಮಲಗಿದರೆ ಅವನಿಗೆ ನಾನು ಕೊಡುವುದು ರಾತ್ರಿಯನ್ನು. ರಾತ್ರಿ ಆ ಮನೆ ತುಂಬಿರುತ್ತದೆ. ಚೆಂಬೂರಿನಲ್ಲೋ ಮಾಟುಂಗದಲ್ಲೋ ಉಳಿದರೆ ಕೊಡುವುದು ಒಂದು ಭೇಟಿಯನ್ನು; ಗಡಿಯಾರ ನೋಡುತ್ತ ಕುಳಿತು ಎದ್ದುಹೋಗುವ ಭೇಟಿ. ಅವನಿಗೆ ಬೇಕಾಗಿದ್ದುದು ಹಗಲು. ಹಗಲನ್ನು ಕೊಡಬೇಕಾದರೆ ನಡೆದುಹೋಗುವಷ್ಟು ಸಮೀಪದಲ್ಲಿರಬೇಕು, ಆದರೆ ಆ ಮನೆಯ ಬೆಳಗಿನ ಬಚ್ಚಲಿನ ಸಾಲಿನಲ್ಲಿರಬಾರದು. ಡೊಂಬಿವಲಿಯ ಸ್ಟೇಶನ್ನಿನಿಂದ ಐದು ನಿಮಿಷದ ದಾರಿಯಲ್ಲಿ ಒಂದು ಸಾಧಾರಣ ಲಾಡ್ಜು ಹಿಡಿದೆ. ಅಲ್ಲಿಂದ ಅವನ ಮನೆಗೆ ಹತ್ತು ನಿಮಿಷ.

ಬಿಡಾರ ಹೀಗೆ ತೀರ್ಮಾನವಾದ ಮೇಲೆ ಉಳಿದದ್ದೆಲ್ಲ ಸರಳವಾಯಿತು. ಕುಮಟೆಯಿಂದ ಕೊಂಕಣ ರೈಲಿನಲ್ಲಿ ಬಂದವನು ಕೊನೆಯ ನಿಲ್ದಾಣಕ್ಕೆ ಹೋಗದೆ ನಸುಕಿನಲ್ಲಿ ಠಾಣೆಯಲ್ಲಿಯೇ ಇಳಿದು, ಕಲ್ಯಾಣದ ಕಡೆಯ ಲೋಕಲು ಹಿಡಿದೆ. ಊರೆಲ್ಲ ದಕ್ಷಿಣಕ್ಕೆ ನುಗ್ಗುವುದಕ್ಕೆ ಮುಂಚೆ ಉತ್ತರಕ್ಕೆ ಹೋಗುವ ಆ ಗಾಡಿಯಲ್ಲಿ ಪೆಟ್ಟಿಗೆಗೂ ಒಂದು ಆಸನ ಸಿಕ್ಕಿತು. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರಾದರೆ ಡೊಂಬಿವಲಿಗೆ ಕಲ್ಯಾಣದಲ್ಲಿ ಇಳಿಯಬೇಕು, ಅಲ್ಲಿಂದ ಲೋಕಲಿನಲ್ಲಿ ಎರಡನೆಯ ಸ್ಟೇಶನ್ನು; ಮಾಟುಂಗಕ್ಕಾದರೆ ದಾದರಿನವರೆಗೂ ಬರಬೇಕು.

ಸರಳವಾಗದೆ ಉಳಿದದ್ದು ಒಂದೇ, ಅವನಿಗೆ ಹೇಳುವುದು. ಇದನ್ನು ಊರು ಮುಟ್ಟಿದ ಮೇಲೆ ಹೇಳಬಾರದು. ಟಿಕೆಟ್ಟು ಕೊಳ್ಳುವ ಮೊದಲೇ ಹೇಳಬೇಕು. ನಿನಗೆ ತೊಂದರೆಯಾಗುತ್ತದೆಂದು ಹೋಟೆಲು ಹಿಡಿದೆ ಎನ್ನಕೂಡದು. ಆ ಮಾತು ಮನೆಯ ಚಿಕ್ಕತನವನ್ನು ಎತ್ತಿ ಆಡಿದಂತೆ. ನನ್ನ ಅಭ್ಯಾಸಗಳ ಮೇಲೆ ಹಾಕಿ ಹೇಳುವ ವಾಡಿಕೆಯೂ ಉಂಟು: ಗೊರಕೆ, ನಸುಕಿನ ಜಪ, ಔಷಧದ ಪಥ್ಯ. ಹಳೆಯ ಗೆಳೆಯನ ಮುಂದೆ ಅವು ನಡೆಯುವುದಿಲ್ಲ. ನನ್ನ ಗೊರಕೆ ಅವನಿಗೆ ಹಾಸ್ಟೆಲಿನಿಂದಲೇ ಪರಿಚಿತ. ಇದ್ದುದನ್ನು ಇದ್ದಂತೆ ಹೇಳಿದೆ: 'ಹಗಲಿಗೆ ಬರುತ್ತೇನೆ, ಎಂಟೂವರೆಯಿಂದ ಮೂರರವರೆಗೆ ನಾನು ನಿನ್ನವನು.' ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ನಮ್ಮ ಮನೆ ಸಣ್ಣದಾಯಿತೇನೋ?' ಎಂದ. 'ಆಯಿತು' ಎಂದೆ. ಅವನು ನಕ್ಕ. ಬಳಿಕ ತನ್ನದೊಂದು ಕರಾರು ಹಾಕಿದ: ಬಿಡಾರ ಎಲ್ಲಿಯೇ ಇರಲಿ, ಊಟ ಮಾತ್ರ ತನ್ನಲ್ಲಿ. ಅಡುಗೆ ಸೊಸೆಯದಲ್ಲವೆಂದೂ, ತಾನು ಕುರ್ಚಿಯಲ್ಲಿ ಕುಳಿತು ಹೇಳಿದಂತೆ ನಾನೇ ಮಾಡಬೇಕೆಂದೂ ಸ್ಪಷ್ಟಪಡಿಸಿದ. ಹೋಟೆಲಿನಲ್ಲಿ ಉಳಿದವನು ಅತಿಥಿಯ ಮರ್ಯಾದೆಯನ್ನು ಕೆಲಮಟ್ಟಿಗೆ ಕಳೆದುಕೊಳ್ಳುತ್ತಾನೆ, ಆ ಮಟ್ಟಿಗೆ ಮನೆಯವನಾಗುತ್ತಾನೆ ಎಂಬುದನ್ನು ಅವನ ಅಡುಗೆಮನೆಯಲ್ಲಿ ತಂಬುಳಿಗೆ ತೆಂಗಿನಕಾಯಿ ತುರಿಯುತ್ತ ನಾನು ಕಂಡುಕೊಂಡೆ.

ಐದು ಹಗಲು ಹಾಗೆ ಕಳೆದವು. ಏನು ಮಾತಾಡಿದಿರೆಂದು ಕೇಳಿದರೆ ಹೇಳುವುದಕ್ಕೇನಿಲ್ಲ. ಅರ್ಧ ಹೊತ್ತು ಅವನು ಕಿಟಕಿಯ ಬಳಿ, ನಾನು ಪೇಪರಿನ ಹಿಂದೆ. ಮೂರು ಗಂಟೆಗೆ ಮೊಮ್ಮಗ ಬಂದ ಕೂಡಲೇ ನಾನು ಲಾಡ್ಜಿಗೆ ಬಂದು ಮಲಗುತ್ತಿದ್ದೆ. ಸಂಜೆ ಸೊಸೆ ಸ್ಟೇಶನ್ನಿನಿಂದ ಮನೆಗೆ ಹೋಗುವ ದಾರಿಯಲ್ಲಿ ಎದುರಾದರೆ ಎರಡು ಮಾತು ಆಡುತ್ತಿದ್ದಳು. ಎರಡನೆಯ ದಿನದಿಂದ ಅವಳ ದನಿಯಲ್ಲಿ ಆ ದಣಿವಿರಲಿಲ್ಲ, ಅಥವಾ ನನಗೆ ಹಾಗೆ ಕೇಳಿಸಿತು. ನಾಲ್ಕನೆಯ ದಿನ, ಶನಿವಾರ, ಉಳಿದಿಬ್ಬರೂ ಬಂದರು. ಚೆಂಬೂರಿನವನು ಕುರ್ಲಾದಲ್ಲಿ ಗಾಡಿ ಬದಲಿಸಿ ಸುಲಭವಾಗಿ ಬಂದ. ಬೋರಿವಲಿಯವನಿಗೆ ಅಂಧೇರಿಯಿಂದ ಮೆಟ್ರೋ ಹಿಡಿದು ಘಾಟಕೋಪರಕ್ಕೆ ಬಾ ಎಂದು ಎಷ್ಟು ಹೇಳಿದರೂ ಕೇಳದೆ, ಬಹುಕಾಲದ ಅಭ್ಯಾಸದಂತೆ ದಾದರಿನ ಸೇತುವೆಯನ್ನೇ ಹತ್ತಿ ಇಳಿದು ಎರಡು ಗಂಟೆಯಲ್ಲಿ ಬಂದು ತಲುಪಿದ. ಮೂರು ಮಹಡಿ ಏರಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತವನನ್ನು ನೋಡಿ ಕುರ್ಚಿಯಲ್ಲಿದ್ದವನು, 'ಕಾಲು ಹೋದದ್ದು ನನ್ನದೋ ನಿನ್ನದೋ?' ಎಂದ.

ಬರುವ ಚಳಿಗಾಲಕ್ಕೆ ಮತ್ತೆ ಹೊರಡಬೇಕೆಂದಿದ್ದೇನೆ. ಈ ಸಲ ಲಾಡ್ಜಿನ ಕೋಣೆಯನ್ನು ಅವನೇ ಗೊತ್ತುಮಾಡಿದ್ದಾನೆ. ಕಿಟಕಿ ರಸ್ತೆಯ ಕಡೆಗಿರಬಾರದೆಂದು ಮಗನನ್ನು ಕಳುಹಿಸಿ ನೋಡಿಸಿದನಂತೆ. ಬೆಳಗ್ಗೆ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆಂದೂ ವಿಚಾರಿಸಿ, ಎಂಟೂವರೆಗೆ ಅದು ಅಡ್ಡಿಯಾಗುವುದಿಲ್ಲವೆಂದು ಕಾಗದ ಬರೆಸಿದ್ದಾನೆ.